ಸಾಕೆಟ್‌ಗೆ ಸಿಕ್ಕಿಸುವ ಸೋಲಾರ್: ಯೂಟಾ ಕಾನೂನು ಓದಿಕೊಂಡು ಕಿಟ್ ಹಾಕುವ ಬಗೆ

ಅಮೆರಿಕದ ಯೂಟಾ ರಾಜ್ಯದಲ್ಲಿ ಪುಟ್ಟ ಸೋಲಾರ್ ಕಿಟ್ಟೊಂದನ್ನು ಬಾಲ್ಕನಿಯಲ್ಲೋ ಹಿತ್ತಲಲ್ಲೋ ನಿಲ್ಲಿಸಿ, ಅದರ ಪ್ಲಗ್ಗನ್ನು ಮಾಮೂಲಿ 120 ವೋಲ್ಟ್ ಸಾಕೆಟ್‌ಗೆ ಹಾಕಲು ವಿದ್ಯುತ್ ಕಂಪನಿಯ ಅಪ್ಪಣೆ ಬೇಕಿಲ್ಲ. ಇದಕ್ಕೆ ದಾರಿ ಮಾಡಿದ್ದು ಎಚ್‌ಬಿ 340 ಎಂಬ ಮಸೂದೆ. ಬೌಂಟಿಫುಲ್ ಊರಿನ ಶಾಸಕ, ವೃತ್ತಿಯಲ್ಲಿ ವೈದ್ಯರಾದ ರೇಮಂಡ್ ವಾರ್ಡ್ ಮಂಡಿಸಿದ ಇದಕ್ಕೆ ಗವರ್ನರ್ ಸ್ಪೆನ್ಸರ್ ಕಾಕ್ಸ್ 2025ರ ಮಾರ್ಚ್‌ನಲ್ಲಿ ಸಹಿ ಹಾಕಿದರು. ಆ ವರ್ಷದ ಮೇ ತಿಂಗಳಲ್ಲಿ ಜಾರಿಗೆ ಬಂತು. ಅಮೆರಿಕದ ರಾಜ್ಯಗಳಲ್ಲಿ ಇಂಥ ಕಾನೂನು ಮಾಡಿದ್ದು ಯೂಟಾವೇ ಮೊದಲು. ಆಮೇಲೆ ನ್ಯೂಯಾರ್ಕ್, ಕ್ಯಾಲಿಫೋರ್ನಿಯಾ ಸೇರಿದಂತೆ ಹಲವು ಕಡೆ ಇದೇ ಧಾಟಿಯ ಮಸೂದೆಗಳು ಮಂಡನೆಯಾದವು.

ಕಾನೂನು ತೆಗೆದುಹಾಕಿದ್ದು ವಿದ್ಯುತ್ ಕಂಪನಿಯ ಅರ್ಜಿ, ಶುಲ್ಕ, ಕರಾರುಗಳನ್ನು ಮಾತ್ರ. ಗೋಡೆಯೊಳಗಿನ ತಂತಿ ಎಷ್ಟು ಆಂಪಿಯರ್ ತಡೆಯುತ್ತದೆ ಎಂಬುದನ್ನು ಯಾವ ಶಾಸನಸಭೆಯೂ ತಿದ್ದಲಾರದು. ಆದ್ದರಿಂದ ಈ ಬರಹದ ಹೆಚ್ಚು ಪಾಲು ತಂತಿಯ ಬಗ್ಗೆಯೇ ಇದೆ.

ಮೊದಲು ಕಾನೂನಿನ ವ್ಯಾಖ್ಯೆ ಓದಿ

ಯೂಟಾ ಕಾನೂನಿನ ಜೀವ ಇರುವುದು 'ಸಾಗಿಸಬಹುದಾದ ಸೌರ ಉತ್ಪಾದನಾ ಸಾಧನ' ಎಂಬುದರ ವ್ಯಾಖ್ಯೆಯಲ್ಲಿ. ಅಲ್ಲಿ ಬರುವ ಒಂದೊಂದು ಷರತ್ತೂ ಒಂದೊಂದು ಗೇಟು. ಒಂದು ದಾಟದಿದ್ದರೂ ನಿಮ್ಮ ಕಿಟ್ ಹಳೆಯ ನಿಯಮಕ್ಕೇ ಒಳಪಡುತ್ತದೆ, ಅಂದರೆ ಕಂಪನಿಯ ಒಪ್ಪಂದ ಬೇಕಾಗುತ್ತದೆ.

ಗರಿಷ್ಠ ಉತ್ಪಾದನೆ 1,200 ವಾಟ್. ಕಿಟ್ ಮಾರುವವರು ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆಯುವುದು ಫಲಕಗಳ ಒಟ್ಟು ವಾಟ್; ಸಾಕೆಟ್‌ಗೆ ಹರಿಯುವುದು, ಫಲಕದ ಡಿಸಿಯನ್ನು ಎಸಿಯಾಗಿಸುವ ಇನ್ವರ್ಟರ್‌ನ ಎಸಿ ವಾಟ್. ಎರಡನ್ನೂ ಬರೆದಿಟ್ಟುಕೊಳ್ಳಿ. ಸಾಧನ 120 ವೋಲ್ಟ್‌ನ ಮಾಮೂಲಿ ಸಾಕೆಟ್‌ಗಾಗಿಯೇ ವಿನ್ಯಾಸಗೊಂಡಿರಬೇಕು. 240 ವೋಲ್ಟ್‌ನ ಡ್ರೈಯರ್ ಸಾಕೆಟ್‌ಗೆ ಹಾಕುವ ಕಿಟ್ ಈ ವ್ಯಾಖ್ಯೆಗೆ ಬರುವುದಿಲ್ಲ. ಮನೆಯ ಬಳಕೆಯ ಒಂದು ಭಾಗವನ್ನು ತೂಗಿಸುವುದು ಅದರ ಮುಖ್ಯ ಉದ್ದೇಶವಾಗಿರಬೇಕು. ಬೀದಿಯ ಕರೆಂಟ್ ಹೋದಾಗ ಮನೆಯ ತಂತಿಗೆ ವಿದ್ಯುತ್ ಹರಿಸದಂತೆ ತಾನೇ ನಿಲ್ಲುವ ಏರ್ಪಾಡು ಇರಬೇಕು. ಕೊನೆಗೆ, ಅಮೆರಿಕದ ರಾಷ್ಟ್ರೀಯ ವಿದ್ಯುತ್ ಸಂಹಿತೆಗೆ ಒಗ್ಗಬೇಕು, ಸುರಕ್ಷತೆ ಪರೀಕ್ಷಿಸುವ ಯುಎಲ್ ಅಥವಾ ಅದಕ್ಕೆ ಸಮನಾದ ಸಂಸ್ಥೆಯ ಪ್ರಮಾಣಪತ್ರ ಇರಬೇಕು.

ಇಷ್ಟೆಲ್ಲ ಇದ್ದರೆ ಕಂಪನಿ ನಿಮ್ಮಿಂದ ಅನುಮತಿ ಅರ್ಜಿ ಕೇಳುವಂತಿಲ್ಲ, ಶುಲ್ಕ ಹಾಕುವಂತಿಲ್ಲ, ಹೆಚ್ಚುವರಿ ಉಪಕರಣ ಹಾಕಿಸಿ ಎನ್ನುವಂತಿಲ್ಲ. ಬದಲಿಗೆ ಎರಡು ವಿಷಯ ನಿಮ್ಮ ತಲೆಗೆ ಬರುತ್ತವೆ. ಒಂದು, ನೆಟ್ ಮೀಟರಿಂಗ್ ಇಲ್ಲ; ಹೆಚ್ಚಾಗಿ ಬೀದಿಗೆ ಹರಿದ ಯೂನಿಟ್ಟಿಗೆ ಒಂದು ಸೆಂಟೂ ಸಿಗದು. ಇನ್ನೊಂದು, ಸಾಧನದಿಂದ ಅನಾಹುತವಾದರೆ ಕಂಪನಿ ಹೊಣೆಯಲ್ಲ. ಬಾಡಿಗೆ ಮನೆಯಾದರೆ ಮೂರನೆಯದೂ ಸೇರಿಸಿಕೊಳ್ಳಿ: ಕಾನೂನಿನ ಮಾತೆಲ್ಲ ಗ್ರಾಹಕ ಮತ್ತು ಕಂಪನಿಯ ನಡುವಿನದು. ಬಾಲ್ಕನಿ ಕಂಬಿಗೆ ಏನನ್ನೂ ಕಟ್ಟಬಾರದು ಎಂದು ಕರಾರುಪತ್ರದಲ್ಲಿದ್ದರೆ ಅದು ಇದ್ದ ಹಾಗೇ ಇರುತ್ತದೆ. ಜರ್ಮನಿಯಲ್ಲಿ 2024ರ ಅಕ್ಟೋಬರ್‌ನಿಂದ ಬಾಡಿಗೆದಾರನ ಕೋರಿಕೆಯನ್ನು ಮಾಲೀಕ ತಕ್ಕ ಕಾರಣವಿಲ್ಲದೆ ತಳ್ಳಿಹಾಕುವಂತಿಲ್ಲ. ಯೂಟಾ ಆ ಮಟ್ಟಕ್ಕೆ ಹೋಗಿಲ್ಲ.

ನೀವು ಬೇರೆ ರಾಜ್ಯದಲ್ಲಿದ್ದರೆ ಅಲ್ಲಿಯ ಮಸೂದೆಯನ್ನೂ ಇದೇ ಕ್ರಮದಲ್ಲಿ ಓದಿ: ವಾಟ್ ಮಿತಿ ಎಷ್ಟು, ಯಾವ ಪ್ರಮಾಣಪತ್ರ, ಕಂಪನಿಗೆ ತಿಳಿಸಲಾದರೂ ಬೇಕೇ, ಮಾಲೀಕರ ಬಗ್ಗೆ ಏನು ಹೇಳುತ್ತದೆ. ಮಸೂದೆ ಮಂಡನೆಯಾಯಿತು ಎಂಬ ಸುದ್ದಿ ನೋಡಿ ಕಿಟ್ ತರಿಸಬೇಡಿ. ಸಹಿ ಬಿದ್ದು, ಜಾರಿಯ ದಿನಾಂಕ ದಾಟಿರಬೇಕು. ಬಿಲ್ ಕಳಿಸುವವರು ಖಾಸಗಿ ಕಂಪನಿಯೋ, ನಗರಾಡಳಿತವೋ, ಸಹಕಾರಿ ಸಂಘವೋ ಎಂಬುದನ್ನೂ ನೋಡಿ. ಕಾನೂನು ಯಾರ ಕೈ ಕಟ್ಟುತ್ತದೆ ಎಂಬುದು 'ವಿದ್ಯುತ್ ಕಂಪನಿ' ಎಂಬ ಪದಕ್ಕೆ ಅದು ಕೊಡುವ ವ್ಯಾಖ್ಯೆಯಲ್ಲೇ ಅಡಗಿರುತ್ತದೆ.

ಮಧ್ಯಾಹ್ನದ ಬಳಕೆ ಅಳೆಯಿರಿ

ಹೊರಗೆ ಹೋದ ಯೂನಿಟ್ಟಿಗೆ ಹಣವಿಲ್ಲ ಎಂದ ಮೇಲೆ ದೊಡ್ಡ ಕಿಟ್ ತಂದರೆ ದೊಡ್ಡ ಲಾಭ ಎಂಬ ಲೆಕ್ಕ ಬಿದ್ದುಹೋಗುತ್ತದೆ. ಬಿಸಿಲಿರುವ ಹೊತ್ತಿನಲ್ಲಿ ಮನೆ ಎಷ್ಟು ತಿನ್ನುತ್ತದೆ ಎಂಬುದೇ ಅಳತೆಗೋಲು. ಮಾಮೂಲಿ ದಿನವೊಂದನ್ನು ಆರಿಸಿ, ಬೆಳಗ್ಗೆ 10ಕ್ಕೂ ಮಧ್ಯಾಹ್ನ 3ಕ್ಕೂ ಮೀಟರ್ ಓದಿ. ಐದು ಗಂಟೆಯಲ್ಲಿ 2.5 ಯೂನಿಟ್ ಓಡಿದ್ದರೆ ಸರಾಸರಿ 500 ವಾಟ್. ಎಲ್ಲರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಫ್ರಿಜ್, ರೂಟರ್, ಸ್ಟ್ಯಾಂಡ್‌ಬೈ ಎಲ್ಲ ಸೇರಿ 150ರಿಂದ 300 ವಾಟ್ ಅಷ್ಟೇ ಇರುತ್ತದೆ. ಅಂಥಲ್ಲಿ 1,200 ವಾಟ್ ಕಿಟ್ ಹಾಕಿದರೆ ಬಹುಪಾಲು ಬಿಟ್ಟಿ ದಾನ.

ಸಾಲ್ಟ್ ಲೇಕ್ ಸಿಟಿ ಕಡೆ ದಕ್ಷಿಣಕ್ಕೆ ಮುಖಮಾಡಿ ಚೆನ್ನಾಗಿ ಓರೆಯಾಗಿಟ್ಟ 800 ವಾಟ್ ಫಲಕ ವರ್ಷಕ್ಕೆ ಸುಮಾರು 1,100ರಿಂದ 1,200 ಯೂನಿಟ್ ಕೊಡಬಲ್ಲದು. ಬಾಲ್ಕನಿ ಕಂಬಿಗೆ ನೆಟ್ಟಗೆ ಕಟ್ಟಿದರೆ ಅದರಲ್ಲಿ ಮೂರನೆಯ ಒಂದು ಭಾಗದಷ್ಟು ಕಳೆದುಕೊಳ್ಳುತ್ತೀರಿ. ಚೆನ್ನಾಗಿಟ್ಟ ಫಲಕದ್ದೇ ಲೆಕ್ಕ ಹಿಡಿಯೋಣ. ಅದರಲ್ಲಿ 850 ಯೂನಿಟ್ ಮನೆಯಲ್ಲೇ ಬಳಕೆಯಾಯಿತು, ಯೂನಿಟ್ಟಿಗೆ 12 ಸೆಂಟ್ ಎಂದುಕೊಂಡರೆ ವರ್ಷಕ್ಕೆ ನೂರು ಡಾಲರ್ ಚಿಲ್ಲರೆ ಉಳಿತಾಯ. ಕಿಟ್‌ಗೆ 1,200 ಡಾಲರ್ ಕೊಟ್ಟಿದ್ದರೆ ಹಣ ಮರಳಲು 12 ವರ್ಷ. ಯೂನಿಟ್ಟಿಗೆ 35 ಸೆಂಟ್ ಇರುವ ಕಡೆ ಇದೇ ಕಿಟ್ ನಾಲ್ಕು ವರ್ಷದಲ್ಲಿ ದುಡ್ಡು ಮರಳಿಸುತ್ತದೆ. ಮೊದಲ ಕಾನೂನು ವಿದ್ಯುತ್ ಅಗ್ಗವಾಗಿರುವ ರಾಜ್ಯದಲ್ಲಿ ಬಂತು, ಲಾಭ ಹೆಚ್ಚಿರುವ ರಾಜ್ಯಗಳಲ್ಲಿ ಚರ್ಚೆ ಎಳೆಯಿತು! ಇನ್ನೊಂದು ಮಾತು: ಮನೆ ಸೋಲಾರ್‌ಗೆ ಇದ್ದ ಶೇ 30ರ ಕೇಂದ್ರ ತೆರಿಗೆ ರಿಯಾಯಿತಿ 2025ರ ಡಿಸೆಂಬರ್ 31ಕ್ಕೆ ಮುಗಿದಿದೆ. ಅದನ್ನು ಸೇರಿಸಿ ಬೆಲೆ ತೋರಿಸುವ ಮಾರಾಟಗಾರರ ಕೋಷ್ಟಕವನ್ನು ಪಕ್ಕಕ್ಕಿಡಿ.

ಅಮೆರಿಕದ ಮನೆಗೆ 120 ವೋಲ್ಟ್‌ನ ಎರಡು ಕಾಲುಗಳು, ಅಂದರೆ ಎರಡು ಲೈನುಗಳು ಬರುತ್ತವಲ್ಲ, ಕಿಟ್ ಒಂದರ ಮೇಲೆ, ಫ್ರಿಜ್ ಇನ್ನೊಂದರ ಮೇಲೆ ಇದ್ದರೆ ಉಳಿತಾಯ ಆಗುತ್ತದೆಯೇ ಎಂಬ ಅನುಮಾನ ಹಲವರಿಗಿದೆ. ಆಗುತ್ತದೆ. ಮನೆ ಮೀಟರ್ ಎರಡೂ ಕಾಲನ್ನು ಕೂಡಿಸಿ ಓದುತ್ತದೆ.

ಬ್ರೇಕರ್ ಕಣ್ಣಿಗೆ ಮಣ್ಣು

ಇಲ್ಲಿ ನಿಧಾನವಾಗಿ ಓದಿ. ಮಲಗುವ ಕೋಣೆಯ ಸಾಲು ಸಾಕೆಟ್‌ಗಳಿಗೆ 14 ಗೇಜ್ ತಂತಿ, ಅದರ ಕಾವಲಿಗೆ ಪ್ಯಾನೆಲ್‌ನಲ್ಲಿ (ಬ್ರೇಕರ್ ಪೆಟ್ಟಿಗೆಯಲ್ಲಿ) 15 ಆಂಪಿಯರ್ ಬ್ರೇಕರ್ ಇದೆ ಎಂದುಕೊಳ್ಳಿ. ಒಂದು ಸಾಕೆಟ್‌ನಲ್ಲಿ 1,500 ವಾಟ್ ಹೀಟರ್, ಅಂದರೆ 12.5 ಆಂಪಿಯರ್. ಇನ್ನೊಂದರಲ್ಲಿ ಅಷ್ಟೇ ವಾಟ್‌ನ ಕೆಟಲ್. ಒಟ್ಟು 25 ಆಂಪಿಯರ್. ಸೋಲಾರ್ ಇಲ್ಲದಿದ್ದರೆ ಬ್ರೇಕರ್ ಸ್ವಲ್ಪ ಹೊತ್ತಿಗೆ ಬೀಳುತ್ತದೆ, ಕಥೆ ಮುಗಿಯಿತು.

ಅದೇ ಸಾಲಿನ ಮೂರನೆಯ ಸಾಕೆಟ್‌ಗೆ 1,200 ವಾಟ್ ಕಿಟ್ ಹಾಕಿ. ಅದು 10 ಆಂಪಿಯರ್ ಒಳಗೆ ತಳ್ಳುತ್ತದೆ. ಈಗ ಬ್ರೇಕರ್ ಮೂಲಕ ಬರಬೇಕಾದ್ದು 15 ಆಂಪಿಯರ್ ಮಾತ್ರ. ಬ್ರೇಕರ್ ಲೆಕ್ಕದಲ್ಲಿ ಎಲ್ಲ ಸರಿಯಿದೆ, ಅದು ಬೀಳುವುದಿಲ್ಲ. ಆದರೆ ಕಿಟ್ ಇರುವ ಸಾಕೆಟ್ ಪ್ಯಾನೆಲ್ ಹತ್ತಿರವಿದ್ದು ಹೀಟರ್, ಕೆಟಲ್ ಎರಡೂ ಅದರ ಆಚೆಗಿದ್ದರೆ, ಆಚೆಯ ತುಂಡು ತಂತಿಯಲ್ಲಿ ಎರಡು ಕಡೆಯ ಹರಿವೂ ಕೂಡಿ 25 ಆಂಪಿಯರ್ ಓಡುತ್ತದೆ. ತಂತಿಯ ಬಿಸಿ ಆಂಪಿಯರ್‌ನ ವರ್ಗಕ್ಕೆ ಏರುವುದರಿಂದ ಅದು 15 ಆಂಪಿಯರ್‌ನಲ್ಲಿ ಇರಬೇಕಾದ್ದಕ್ಕಿಂತ ಸುಮಾರು 2.8 ಪಟ್ಟು. ಗೋಡೆಯೊಳಗೆ, ಉಣ್ಣೆಯಂಥ ಇನ್ಸುಲೇಷನ್ ನಡುವೆ, ಯಾರಿಗೂ ಕಾಣದ ಜಾಗದಲ್ಲಿ. ಮೊದಲು ಕರಗುವುದು ತಂತಿಯ ನಡುಭಾಗವಲ್ಲ. ಸಾಕೆಟ್‌ನ ಹಿಂದೆ ಸ್ಕ್ರೂ ಇಲ್ಲದೆ ಚುಚ್ಚಿ ನಿಲ್ಲಿಸಿದ, ವರ್ಷಗಟ್ಟಲೆ ಬಳಸಿ ಸಡಿಲವಾದ ಕೂಡಿಕೆ.

ಕಿಟ್ ಸಾಲಿನ ತುತ್ತತುದಿಯಲ್ಲಿದ್ದರೆ ಎರಡೂ ಕಡೆಯಿಂದ ಹರಿವು ನಡುವಿಗೆ ಬರುತ್ತದೆ, ಯಾವ ತುಂಡಿನ ಮೇಲೂ ಅಷ್ಟು ಹೊರೆ ಬೀಳದು. ಆದರೆ ಯಾವ ಸಾಕೆಟ್ ತುದಿ, ಯಾವುದು ಮೊದಲು ಎಂದು ಹೊರಗಿಂದ ನೋಡಿ ಹೇಳಲಾಗದು. ಜರ್ಮನಿಯಲ್ಲಿ ಲಕ್ಷಗಟ್ಟಲೆ ಬಾಲ್ಕನಿ ಕಿಟ್ ಓಡುತ್ತಿವೆಯಲ್ಲ ಎಂದು ಕೇಳುತ್ತೀರಿ. ಅಲ್ಲಿ ಇನ್ವರ್ಟರ್ ಮಿತಿ 800 ವೋಲ್ಟ್-ಆಂಪಿಯರ್, ಅದೂ 230 ವೋಲ್ಟ್‌ನಲ್ಲಿ. 16 ಆಂಪಿಯರ್ ಸಾಲಿಗೆ ಬರೀ 3.5 ಆಂಪಿಯರ್ ಸೇರಿತು. ಯೂಟಾ ಮಿತಿಯಲ್ಲಿ 15ಕ್ಕೆ 10 ಸೇರುತ್ತದೆ. ಎರಡೂ ದೇಶದ ಕಿಟ್ ಹೊರಗಿಂದ ಒಂದೇ ರೀತಿ ಕಂಡರೂ ಗೋಡೆಯೊಳಗಿನ ಅಪಾಯ ಬೇರೆ.

ಮಾಡಬೇಕಾದ್ದು ಇಷ್ಟು. ಹಗಲಲ್ಲಿ, ಮನೆಯವರಿಗೆ ಹೇಳಿ, ಒಂದೊಂದೇ ಬ್ರೇಕರ್ ಆರಿಸುತ್ತ ಯಾವ ಸಾಕೆಟ್, ಯಾವ ದೀಪ ಸತ್ತಿತು ಎಂದು ಕಾಗದದಲ್ಲಿ ನಕ್ಷೆ ಬರೆಯಿರಿ. ಒಂದು ಕೈದೀಪ ಸಾಕು. ಇಡೀ ಬ್ರೇಕರ್‌ಗೆ ಒಂದೇ ಸಾಕೆಟ್ ಇರುವ ಸಾಲು ಸಿಕ್ಕರೆ ಅದೇ ನಿಮ್ಮ ಜಾಗ. ಗ್ಯಾರೇಜ್‌ನಲ್ಲಿ ಹಳೆಯ ಫ್ರೀಜರ್‌ಗೆಂದು ಎಳೆಸಿದ ಸಾಲು ಇಂಥದ್ದಾಗಿರುವುದುಂಟು. ಒಂಟಿ ಸಾಲಿನಲ್ಲಿ 10 ಆಂಪಿಯರ್‌ಗೆ, ಎಡೆಬಿಡದೆ ಹರಿಯುವ ಕರೆಂಟಿನ ಶೇ 125ರಷ್ಟಾದರೂ ಬ್ರೇಕರ್ ಇರಬೇಕೆಂಬ ನಿಯಮ ಹಾಕಿದರೆ 12.5, 15ರ ಬ್ರೇಕರ್ ಸಾಕು. ಸಿಗದಿದ್ದರೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನಿಂದ ಹೊರಗೋಡೆಗೆ ಹೊಸ ಸಾಲು ಎಳೆಸಿ. 'ಪ್ಲಗ್ ಹಾಕಿದರೆ ಆಯಿತು' ಎಂಬ ಜಾಹೀರಾತಿಗೆ ಇದು ಒಪ್ಪುವುದಿಲ್ಲ, ಖರ್ಚೂ ಇದೆ. ಆದರೂ 800 ವಾಟ್ ಮೇಲಿನ ಕಿಟ್‌ಗೆ ಇದಿಲ್ಲದೆ ಮುಂದುವರಿಯಬೇಡಿ. ಹಂಚಿಕೆಯ ಸಾಲೇ ಗತಿ ಎಂದಾದರೆ, ಅಂಥ ಸಾಲಿಗೆ ಬಳಸಬಹುದು ಎಂದು ಪ್ರಮಾಣಪತ್ರವೇ ಹೇಳುವ 400 ವಾಟ್ ಆಸುಪಾಸಿನ ಕಿಟ್‌ಗೆ ನಿಲ್ಲಿ, ಆ ಸಾಲಿನಿಂದ ಹೀಟರ್, ಇಸ್ತ್ರಿಪೆಟ್ಟಿಗೆ, ಹೇರ್ ಡ್ರೈಯರ್ ಎಲ್ಲ ತೆಗೆಯಿರಿ.

ಲೇಬಲ್ ಓದುವಾಗ

ಇನ್ವರ್ಟರ್ ಮೇಲೆ ಯುಎಲ್ 1741 ಎಂದಿರುವುದು ಒಳ್ಳೆಯದು. ಗ್ರಿಡ್ ಸತ್ತರೆ ಎರಡು ಸೆಕೆಂಡಿನೊಳಗೆ ನಿಲ್ಲಬೇಕೆಂಬ ಪರೀಕ್ಷೆ ಅದರಲ್ಲಿದೆ. ಆದರೆ ಅದು ಇನ್ವರ್ಟರ್ ಒಂದಕ್ಕೆ ಸಿಕ್ಕ ಪತ್ರ; ಫಲಕ, ತಂತಿ, ಪ್ಲಗ್ ಸೇರಿದ ಇಡೀ ಕಿಟ್‌ಗಲ್ಲ. ಯೂಟಾ ಕಾನೂನು ಬಂದಾಗ ಇಡೀ ಕಿಟ್ ಪರೀಕ್ಷಿಸುವ ಮಾನದಂಡವೇ ಅಮೆರಿಕದಲ್ಲಿ ಇರಲಿಲ್ಲ: ಕಾನೂನು ಬಾಗಿಲು ತೆರೆಯಿತು, ಒಳಗೆ ಹೋಗಲು ಬೇಕಾದ ಚೀಟಿ ಎಲ್ಲೂ ಅಚ್ಚಾಗಿರಲಿಲ್ಲ. ಆ ಕೊರತೆ ತುಂಬಲು ಬಂದದ್ದು ಯುಎಲ್ 3700. ಅದು ಎದುರಿಸಲು ಹೊರಟಿರುವುದು ಮೂರು ಅಪಾಯಗಳನ್ನು: ಮೇಲೆ ಹೇಳಿದ ಬ್ರೇಕರ್ ಮೋಸ, ಕಿತ್ತ ಪ್ಲಗ್‌ನ ಬರಿ ಕಡ್ಡಿಯಲ್ಲಿ ವಿದ್ಯುತ್ ಉಳಿಯುವುದು, ಮತ್ತು ಜಿಎಫ್‌ಸಿಐ (ಕರೆಂಟ್ ಸೋರಿದರೆ ಸಾಕೆಟ್ಟನ್ನು ಆರಿಸಿ ಶಾಕ್ ತಪ್ಪಿಸುವ ಸಾಧನ) ಹಿಮ್ಮುಖ ಹರಿವಿಗೆ ಕೆಡುವುದು. ಕೊಳ್ಳುವಾಗ 'ಯುಎಲ್ ಭಾಗಗಳಿಂದ ತಯಾರಾದದ್ದು' ಎಂಬ ಸಾಲು ಕಂಡರೆ ಅದು ಕಿಟ್‌ನ ಪ್ರಮಾಣಪತ್ರವಲ್ಲ ಎಂದು ತಿಳಿಯಿರಿ. ಮಾದರಿ ಸಂಖ್ಯೆ ಕೇಳಿ, ಪರೀಕ್ಷಾ ಸಂಸ್ಥೆಯ ಪಟ್ಟಿಯಲ್ಲಿ ನೀವೇ ಹುಡುಕಿ.

ಜಿಎಫ್‌ಸಿಐ ವಿಷಯದಲ್ಲಿ ನೆನಪಿರಲಿ, ಹೊರಾಂಗಣ ಸಾಕೆಟ್‌ಗೆ ಅದು ಕಡ್ಡಾಯ. ಹಲವು ಜಿಎಫ್‌ಸಿಐಗಳನ್ನು ಒಂದೇ ದಿಕ್ಕಿನ ಹರಿವಿಗೆಂದು ಮಾಡಿರುತ್ತಾರೆ. ಹಿಂದಿನಿಂದ ಕರೆಂಟ್ ತಳ್ಳಿದರೆ ಕೆಲವು ಸುಮ್ಮಸುಮ್ಮನೆ ಬೀಳುತ್ತವೆ. ಇನ್ನು ಕೆಲವು ಒಳಗೇ ಸುಟ್ಟುಹೋಗಿ, ಹಸಿರು ದೀಪ ಉರಿಯುತ್ತಲೇ ಇದ್ದರೂ ಕಾಪಾಡುವ ಕೆಲಸ ನಿಲ್ಲಿಸಿರುತ್ತವೆ. ಎರಡನೆಯದು ಕೆಟ್ಟದ್ದು. ಕಿಟ್ ಕೈಪಿಡಿ ಯಾವ ಬಗೆಯ ಜಿಎಫ್‌ಸಿಐ ಬೇಕೆನ್ನುತ್ತದೋ ಅದನ್ನೇ ಹಾಕಿಸಿ, ತಿಂಗಳಿಗೊಮ್ಮೆ ಟೆಸ್ಟ್ ಗುಂಡಿ ಒತ್ತಿ.

ಫಲಕವನ್ನು ಬೇರೆಯಾಗಿ ಕೊಂಡು ಇನ್ವರ್ಟರ್‌ಗೆ ಜೋಡಿಸುವವರು ಚಳಿಯ ಲೆಕ್ಕ ಹಾಕಲೇಬೇಕು. ಫಲಕ ತಣ್ಣಗಾದಷ್ಟೂ ವೋಲ್ಟ್ ಏರುತ್ತದೆ. ಲೇಬಲ್‌ನಲ್ಲಿ ತೆರೆದ ವೋಲ್ಟೇಜ್ (ಏನನ್ನೂ ಜೋಡಿಸದಿದ್ದಾಗಿನ ವೋಲ್ಟ್) 49.5, ತಾಪಮಾನದ ಗುಣಾಂಕ ಡಿಗ್ರಿಗೆ ಶೇ 0.27 ಎಂದಿದೆ ಎನ್ನಿ. ಅಳತೆ ಮಾಡಿದ್ದು 25 ಡಿಗ್ರಿಯಲ್ಲಿ. ಜನವರಿಯ ಬೆಳಗ್ಗೆ ಮೈನಸ್ 15 ಇದ್ದರೆ ವ್ಯತ್ಯಾಸ 40 ಡಿಗ್ರಿ. ವೋಲ್ಟ್ ಶೇ 10.8 ಏರಿ ಸುಮಾರು 54.8 ಆಗುತ್ತದೆ. ಮೈಕ್ರೋ ಇನ್ವರ್ಟರ್‌ನ ಮಿತಿ 60 ಆಗಿದ್ದರೆ ಪಾರು. ಅದೇ ಎರಡು ಫಲಕವನ್ನು ಒಂದರ ಹಿಂದೊಂದು ಸರಣಿಯಲ್ಲಿ ಜೋಡಿಸಿ ಒಂದೇ ಬಾಯಿಗೆ ಕೊಟ್ಟರೆ 110 ವೋಲ್ಟ್. ಇನ್ವರ್ಟರ್ ಅಲ್ಲೇ ಸಾಯುತ್ತದೆ, ವಾರಂಟಿಯೂ ಜೊತೆಗೇ.

ನಿಲ್ಲಿಸುವುದು, ಜೋಡಿಸುವುದು

400 ವಾಟ್ ಫಲಕ ಸುಮಾರು 1.7 ಮೀಟರ್ ಉದ್ದ, 1.1 ಮೀಟರ್ ಅಗಲ, 21 ಕಿಲೋ ತೂಕ. ತೂಕ ತಡೆಯುವುದು ಸುಲಭ. ಗಾಳಿ ತಡೆಯುವುದೇ ಕಷ್ಟ. ಯೂಟಾದ ವಾಸಾಚ್ ಬೆಟ್ಟಸಾಲಿನಿಂದ ಡೇವಿಸ್ ಕೌಂಟಿಗೆ ಇಳಿಯುವ ಪೂರ್ವಗಾಳಿ ಗಂಟೆಗೆ 100 ಮೈಲಿ ಮುಟ್ಟಿದ್ದಿದೆ. 90 ಮೈಲಿಯ ಗಾಳಿ ಇಂಥ ಒಂದು ಫಲಕದ ಮೇಲೆ 150 ಕಿಲೋ ಮೀರಿದ ಭಾರ ಹೇರುತ್ತದೆ. ಪ್ಲಾಸ್ಟಿಕ್ ಟೈ ಬಿಸಿಲಿಗೆ ಒಂದೆರಡು ವರ್ಷದಲ್ಲಿ ಪುಡಿಯಾಗುತ್ತದೆ, ಅದನ್ನು ನಂಬಬೇಡಿ. ಸ್ಟೇನ್‌ಲೆಸ್ ಕೊಕ್ಕೆ, ಬೋಲ್ಟ್ ಇರುವ ಚೌಕಟ್ಟೇ ಬೇಕು. ಮೇಲಂತಸ್ತಿನ ಬಾಲ್ಕನಿಯಾದರೆ ಕಂಬಿಯ ಬುಡ ಅಲ್ಲಾಡಿಸಿ ನೋಡಿ. ಅಲ್ಲಾಡಿದರೆ ಅಲ್ಲಿ ಕಟ್ಟಬೇಡಿ. ನೆಲದ ಮೇಲಾದರೆ ಕಾಂಕ್ರೀಟ್ ಇಟ್ಟಿಗೆಯ ಭಾರ ಚೌಕಟ್ಟಿನ ಹಿಂದುಮುಂದೆರಡೂ ಕಡೆ ಇರಲಿ.

ಜೋಡಿಸುವ ಕ್ರಮ: ಫಲಕ ಬಿಗಿಮಾಡಿ, ಇನ್ವರ್ಟರನ್ನು ಫಲಕದ ನೆರಳಿಗೆ, ನೆಲದ ನೀರು ತಾಗದಂತೆ ಕಟ್ಟಿ. ಫಲಕದ ಡಿಸಿ ತಂತಿ ಕೂಡಿಸುವ ಎಂಸಿ4 ಕನೆಕ್ಟರನ್ನು ಟಕ್ ಎಂದು ಸದ್ದಾಗುವವರೆಗೆ ಒತ್ತಿ, ಎಳೆದು ನೋಡಿ. ತಂತಿ ಕನೆಕ್ಟರಿಗಿಂತ ತಗ್ಗಿಗೆ ಒಂದು ಬಾಗು ತೆಗೆದುಕೊಳ್ಳಲಿ, ಹನಿ ಅಲ್ಲಿಂದ ಉದುರುತ್ತದೆ. ಎಸಿ ಪ್ಲಗ್ ಎಲ್ಲಕ್ಕಿಂತ ಕೊನೆಗೆ. ತೆಗೆಯುವಾಗ ತಿರುಗುಮುರುಗು: ಮೊದಲು ಎಸಿ ಪ್ಲಗ್, ಆಮೇಲೆ ಎಂಸಿ4. ಬಿಸಿಲಲ್ಲಿ ಹರಿಯುತ್ತಿರುವ ಎಂಸಿ4 ಕಿತ್ತರೆ ಡಿಸಿ ಕಿಡಿ ಹಾರಿ ತುದಿ ಸುಡುತ್ತದೆ. ಎಕ್ಸ್‌ಟೆನ್ಷನ್ ಬಾಕ್ಸ್ ಬೇಡವೇ ಬೇಡ. ಕಿಟಕಿ ಸಂದಿನಲ್ಲಿ ತಂತಿ ನುಗ್ಗಿಸಿ ಮುಚ್ಚುವುದೂ ಬೇಡ. ಪ್ಲಗ್ ಹಾಕಿದ್ದಾಗಲೂ ಮುಚ್ಚಿಕೊಳ್ಳುವ ಗುಮ್ಮಟದಂಥ ಮಳೆಮುಚ್ಚಳ ಸಾಕೆಟ್‌ಗಿರಲಿ.

ಪ್ಲಗ್ ಹಾಕಿದೊಡನೆ ಏನೂ ಆಗುವುದಿಲ್ಲ. ಇನ್ವರ್ಟರ್ ಸುಮಾರು ಐದು ನಿಮಿಷ ಗ್ರಿಡ್ಡಿನ ವೋಲ್ಟ್, ಹರ್ಟ್ಸ್ ನೋಡುತ್ತ ಕೂರುತ್ತದೆ, ಆಮೇಲೆ ಶುರು. ಆ ಐದು ನಿಮಿಷದಲ್ಲಿ ಗಾಬರಿಬಿದ್ದು ಪ್ಲಗ್ ಕಿತ್ತು ಹಾಕಿದರೆ ಮತ್ತೆ ಐದು ನಿಮಿಷ. ಓಡಲು ಶುರುವಾದ ಮೇಲೆ ಆ ಸಾಲಿನ ಬ್ರೇಕರ್ ಆರಿಸಿ: ಇನ್ವರ್ಟರ್ ಕೂಡಲೇ ನಿಲ್ಲಬೇಕು, ಅದೇ ಸಾಲಿನ ಇನ್ನೊಂದು ಸಾಕೆಟ್‌ನಲ್ಲಿ ದೀಪ ಉರಿಯಕೂಡದು. ಉರಿದರೆ ಆ ಕಿಟ್ ಮರಳಿಸಿ. ಬ್ರೇಕರ್ ಮತ್ತೆ ಹಾಕಿ, ಒಂದು ಗಂಟೆ ನಡುಹಗಲ ಬಿಸಿಲಲ್ಲಿ ಓಡಿದ ಮೇಲೆ ಸಾಕೆಟ್ ಮುಖಫಲಕಕ್ಕೆ ಅಂಗೈ ಹಿಂಬದಿ ತಾಗಿಸಿ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಬಿಸಿಯಿದ್ದರೆ ಒಳಗಿನ ಕೂಡಿಕೆ ಸಡಿಲ; ಪ್ಲಗ್ ತೆಗೆದು ಸಾಕೆಟ್ ಬದಲಿಸಿಕೊಳ್ಳಿ.

ಕೈಕೊಡುವ ಕಡೆಗಳು

ಬಿಲ್ ಇಳಿಯಲಿಲ್ಲ, ಏರಿತು ಎಂಬ ದೂರು ಬಂದರೆ ಮೊದಲು ಮೀಟರ್ ಮೇಲೆ ಅನುಮಾನಪಡಿ. ಕೆಲವು ಡಿಜಿಟಲ್ ಮೀಟರ್‌ಗಳು ದಿಕ್ಕು ನೋಡುವುದಿಲ್ಲ. ಹೊರಗೆ ಹೋದ ಯೂನಿಟ್ಟನ್ನೂ ಬಳಕೆಯೆಂದೇ ಕೂಡಿಸುತ್ತವೆ. ಪತ್ತೆ ಸುಲಭ. ನಡುಮಧ್ಯಾಹ್ನ ಕಿಟ್ ಮಾತ್ರ ಬಿಟ್ಟು ಉಳಿದೆಲ್ಲ ಬ್ರೇಕರ್ ಹತ್ತು ನಿಮಿಷ ಆರಿಸಿ, ಮೀಟರ್ ಅಂಕಿ ನೋಡಿ. ಮುಂದಕ್ಕೆ ಓಡಿದರೆ ನಿಮ್ಮ ದಾನಕ್ಕೆ ನೀವೇ ದುಡ್ಡು ಕಟ್ಟುತ್ತಿದ್ದೀರಿ. ಹೊರಹರಿವು ತಡೆಯುವ ಸೆನ್ಸರ್ ಇರುವ ಕಿಟ್ ಆಗ ಉಪಯೋಗಕ್ಕೆ ಬರುತ್ತದೆ, ಇಲ್ಲವೇ ಒಂದು ಫಲಕ ಕಡಿಮೆ ಮಾಡಿ.

ಬೀದಿಗೆ ಕರೆಂಟ್ ಹೋದಾಗ ಈ ಕಿಟ್ ಫ್ರಿಜ್ ಓಡಿಸದು. ಕಾನೂನಿಗೆ ಬೇಕಾಗಿರುವುದೇ ಅದು ಓಡಿಸದಿರುವುದು. ನಮ್ಮೂರ ಬ್ಯಾಟರಿ ಯುಪಿಎಸ್‌ನಂತೆ ಎಣಿಸಿ ಕೊಂಡವರಿಗೆ ನಿರಾಸೆ ಖಚಿತ. ಮಧ್ಯಾಹ್ನದಲ್ಲಿ ಉತ್ಪಾದನೆ ಅರ್ಧಕ್ಕಿಳಿದರೆ ಕಂಬಿಯ ನೆರಳೋ ಕೊಳಕೋ ನೋಡಿ. ಫಲಕದ ಕೆಳ ಅಂಚಿನ ಮೇಲೆ ಬೀಳುವ ಒಂದು ಅಡ್ಡ ನೆರಳೂ ಸಾಕಷ್ಟು ತಿನ್ನುತ್ತದೆ. ಹಿಮ ಬಿದ್ದರೆ ಮೆತ್ತನೆ ಪೊರಕೆಯಿಂದ ತಳ್ಳಿ, ಬಿಸಿನೀರು ಹಾಕಬೇಡಿ.

ಬೆಂಗಳೂರಿಗೆ ಒಯ್ಯುವ ಯೋಚನೆಯಿದ್ದರೆ

ರಜೆಗೆ ಬರುವಾಗ ಇಂಥದೊಂದು ಇನ್ವರ್ಟರ್ ಸೂಟ್‌ಕೇಸಿನಲ್ಲಿ ತರೋಣ ಎನ್ನುವವರಿದ್ದಾರೆ. ಅದು 120 ವೋಲ್ಟ್, 60 ಹರ್ಟ್ಸ್‌ಗೆ ಮಾಡಿದ್ದು. ನಮ್ಮದು 230 ವೋಲ್ಟ್, 50 ಹರ್ಟ್ಸ್. ಜರ್ಮನಿಯ ಕಿಟ್ ವೋಲ್ಟಿಗೆ ಹೊಂದುತ್ತದೆ, ಆದರೆ ಯೂಟಾದಂಥ ಕಾನೂನು ಕರ್ನಾಟಕದಲ್ಲಿಲ್ಲ. ಮನೆಯ ಸೋಲಾರ್ ಗ್ರಿಡ್‌ಗೆ ಕೂಡಿಸಬೇಕಾದರೆ ಬೆಸ್ಕಾಂ ಅಥವಾ ನಿಮ್ಮ ಭಾಗದ ಎಸ್ಕಾಂಗೆ ಅರ್ಜಿ ಹಾಕಿ ನೆಟ್ ಮೀಟರ್ ಹಾಕಿಸಿಕೊಳ್ಳಬೇಕು. ಕದ್ದು ಹಾಕಿದರೆ ಮೀಟರೇ ಮೊದಲು ಹಿಡಿಯುತ್ತದೆ: ಕಳ್ಳತನ ತಡೆಯಲೆಂದು ನಮ್ಮಲ್ಲಿಯ ಎಷ್ಟೋ ಮನೆ ಮೀಟರ್‌ಗಳು ಹಿಮ್ಮುಖ ಹರಿವನ್ನೂ ಬಳಕೆಯೆಂದೇ ದಾಖಲಿಸುತ್ತವೆ. ಗೃಹಜ್ಯೋತಿಯ ಮಿತಿಯೊಳಗಿರುವ ಮನೆಯಲ್ಲಿ ಹೀಗೆ ಯೂನಿಟ್ ಏರಿಸಿಕೊಳ್ಳುವುದು ಇನ್ನೂ ನಷ್ಟ. ಸ್ವಂತ ತಾರಸಿ ಇದ್ದರೆ 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯ ಲೆಕ್ಕ ನೋಡಿ: 1 ಕಿಲೋವಾಟ್‌ಗೆ 30,000, 2ಕ್ಕೆ 60,000, 3 ಮತ್ತು ಮೇಲ್ಪಟ್ಟದ್ದಕ್ಕೆ 78,000 ರೂಪಾಯಿ ಸಹಾಯಧನ. ಅರ್ಜಿಯಲ್ಲಿ ಬರೆಯುವ ಹೆಸರು ವಿದ್ಯುತ್ ಬಿಲ್ಲಿನಲ್ಲಿರುವ ಹೆಸರಿಗೆ ಹೊಂದಬೇಕು. ತೀರಿಕೊಂಡ ಅಜ್ಜನ ಹೆಸರಲ್ಲೇ ಬಿಲ್ ಬರುತ್ತಿದ್ದರೆ ಮೊದಲು ಅದನ್ನು ವರ್ಗಾಯಿಸಿಕೊಳ್ಳಿ.